ಬೈಕಿನ ಪ್ಲಾಸ್ಟಿಕ್ ಮಡ್‌ಗಾರ್ಡ್ ಅನ್ನು ಮನೆಯಲ್ಲೇ ಕತ್ತರಿಸುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಮಳೆಗಾಲದಲ್ಲಿ ಸಕಲೇಶಪುರ, ಮೂಡಿಗೆರೆ, ಮಡಿಕೇರಿ ಕಡೆಯ ತೋಟದ ರಸ್ತೆಗಳಲ್ಲಿ ಬೈಕ್ ಓಡಿಸುವವರಿಗೆ ಮುಂದಿನ ಮಡ್‌ಗಾರ್ಡಿನೊಳಗೆ ಕೆಂಪು ಜೇಡಿಮಣ್ಣು ತುಂಬಿ ಚಕ್ರವೇ ತಿರುಗದಂತಾಗುವ ಅನುಭವ ಹೊಸದಲ್ಲ. ಮಣ್ಣಿನ ರಸ್ತೆಗೆಂದು ದಪ್ಪ ರಬ್ಬರ್ ಗುಬ್ಬಿಗಳಿರುವ (ಉಬ್ಬುಗಳಿರುವ) ಟಯರ್ ಹಾಕಿಸಿಕೊಂಡವರಿಗೆ ಈ ತೊಂದರೆ ಇನ್ನೂ ಹೆಚ್ಚು. ಮಡ್‌ಗಾರ್ಡಿನ ಅಂಚನ್ನು ಸ್ವಲ್ಪ ಕತ್ತರಿಸಿ ಜಾಗ ಮಾಡಿಕೊಳ್ಳುವುದು ಮನೆಯಲ್ಲೇ ಆಗುವ ಕೆಲಸ. ಆದರೆ ಅವಸರದಲ್ಲಿ ಕೈಗೆ ಸಿಕ್ಕ ಗ್ರೈಂಡರ್ ಹಿಡಿದು ಕತ್ತರಿಸಿದ ಮಡ್‌ಗಾರ್ಡುಗಳು ಕೆಲವೇ ತಿಂಗಳಲ್ಲಿ ಬೋಲ್ಟಿನ ಬಳಿ ಸೀಳಿಕೊಳ್ಳುವುದೂ ಅಷ್ಟೇ ಸಾಮಾನ್ಯವಾದ್ದರಿಂದ, ಈ ಕೆಲಸಕ್ಕೆ ಕೈಹಾಕುವವರು ಹೆಚ್ಚಾಗಿ ಕೇಳುವ ಪ್ರಶ್ನೆಗಳಿಗೆ ಇಲ್ಲಿ ವಿವರವಾಗಿ ಉತ್ತರಿಸಲಾಗಿದೆ.

ಮಡ್‌ಗಾರ್ಡ್ ಕತ್ತರಿಸುವ ಅಗತ್ಯ ನಿಜವಾಗಿ ಯಾವಾಗ ಬರುತ್ತದೆ?

ಮೂರು ಸಂದರ್ಭಗಳಲ್ಲಿ ಇದಕ್ಕೆ ಅರ್ಥವಿದೆ. ಟಯರಿಗೂ ಮಡ್‌ಗಾರ್ಡಿಗೂ ನಡುವೆ ಮಣ್ಣು ಕಟ್ಟಿಕೊಳ್ಳುತ್ತಿದ್ದರೆ, ಮೊದಲಿಗಿಂತ ಎತ್ತರದ ಅಥವಾ ಅಗಲದ ಟಯರ್ ಹಾಕಿದ್ದರಿಂದ ಅಂಚು ತಾಗುತ್ತಿದ್ದರೆ, ಅಥವಾ ಬಿದ್ದು ತುದಿ ಮುರಿದಿದ್ದು ಆ ಒಡಕು ಒಳಗೆ ಹಬ್ಬದಂತೆ ನೇರ್ಪು ಮಾಡಬೇಕಾಗಿದ್ದರೆ ಕತ್ತರಿಸಬಹುದು. ಬರೀ ಚೆಂದಕ್ಕಾಗಿ ಹಿಂದಿನ ಮಡ್‌ಗಾರ್ಡ್ ಮೊಟಕುಗೊಳಿಸುವುದನ್ನು ನಾನು ಯಾರಿಗೂ ಸಲಹೆ ಮಾಡುವುದಿಲ್ಲ. ಮಳೆಯಲ್ಲಿ ಹಿಂದೆ ಕೂತವರ ಬೆನ್ನಿಗೂ ಹಿಂದಿನಿಂದ ಬರುವ ಸವಾರರ ಕಣ್ಣಿಗೂ ರಾಡಿ ನೀರು ಹಾರುತ್ತದೆ, ಜೊತೆಗೆ ಕೆಳಗೆ ವಿವರಿಸಿರುವ ಕಾನೂನಿನ ತೊಡಕೂ ಇದೆ.

ಟಯರಿನ ಲೆಕ್ಕವನ್ನು ಮೊದಲು ಕಾಗದದ ಮೇಲೆ ಮಾಡಿ ನೋಡುವುದು ಒಳ್ಳೆಯದು. ಹೀರೋ ಎಕ್ಸ್‌ಪಲ್ಸ್ 200, ರಾಯಲ್ ಎನ್‌ಫೀಲ್ಡ್ ಹಿಮಾಲಯನ್ 411 ಬೈಕುಗಳ ಮುಂದಿನ ಟಯರ್ 90/90-21 ಅಳತೆಯದು. ಅಂದರೆ ಅಗಲ 90 ಮಿ.ಮೀ., ಎತ್ತರ ಅದರ ಶೇಕಡಾ 90, ಎಂದರೆ 81 ಮಿ.ಮೀ. ಇದರ ಬದಲು 90/100-21 ಹಾಕಿದರೆ ಎತ್ತರ 90 ಮಿ.ಮೀ. ಆಗುತ್ತದೆ. ಚಕ್ರದ ಮೇಲ್ಭಾಗದಲ್ಲಿ 9 ಮಿ.ಮೀ. ಜಾಗ ಹೋಯಿತೆಂದೇ ಅರ್ಥ. ಎರಡು ಟಯರುಗಳ ಗುಬ್ಬಿಯ ಎತ್ತರದಲ್ಲಿ ವ್ಯತ್ಯಾಸವಿದ್ದರೆ ಈ ಲೆಕ್ಕ ಇನ್ನೂ ಕೆಲವು ಮಿ.ಮೀ. ಬದಲಾಗಬಹುದು. ಈ ಜಾಗ ಹೋಗುವುದು ಮೇಲೆ. ಮೇಲಿನ ಜಾಗವನ್ನು ಅಂಚು ಕತ್ತರಿಸಿ ಪಡೆಯಲು ಆಗುವುದಿಲ್ಲ. ಅಲ್ಲಿ ಬೇಕಾಗುವುದು ಬೋಲ್ಟಿನ ಕೆಳಗೆ ಸರಿಯಾದ ದಪ್ಪದ ಬುಷ್ ಅಥವಾ ವಾಷರ್ ಕೊಟ್ಟು ಮಡ್‌ಗಾರ್ಡನ್ನೇ ಎತ್ತರಿಸುವುದು.

ತಗ್ಗು ಮಡ್‌ಗಾರ್ಡಿಗೂ ಎತ್ತರದ ಮಡ್‌ಗಾರ್ಡಿಗೂ ಕತ್ತರಿಸುವಾಗ ಏನು ವ್ಯತ್ಯಾಸ?

ಚಕ್ರವನ್ನು ಹತ್ತಿರದಿಂದ ತಬ್ಬಿಕೊಂಡಿರುವ ತಗ್ಗು ಮಡ್‌ಗಾರ್ಡ್, ಮುಂದಿನ ಚಕ್ರವನ್ನು ಹಿಡಿದಿರುವ ಫೋರ್ಕಿನ ಕೆಳಗಿನ ಕಾಲುಗಳಿಗೆ ಬೋಲ್ಟ್ ಆಗಿರುತ್ತದೆ. ಬೈಕ್ ಗುಂಡಿಗೆ ಇಳಿದಾಗ ಅದೂ ಚಕ್ರದ ಜೊತೆಯಲ್ಲೇ ಮೇಲೆ ಹೋಗುತ್ತದೆ. ಹಾಗಾಗಿ ಬೈಕ್ ನಿಂತಿರುವಾಗ ಅಳೆದ ಅಂತರವೇ ಓಡುವಾಗಲೂ ಇರುತ್ತದೆ. ಹೆಡ್‌ಲೈಟಿನ ಕೆಳಗೆ ಕೊಕ್ಕಿನ ಹಾಗೆ ಚಾಚಿಕೊಂಡಿರುವ ಎತ್ತರದ ಮಡ್‌ಗಾರ್ಡಿನ ಕಥೆ ಬೇರೆ. ಅದು ಮೇಲಿನ ಭಾಗಕ್ಕೆ ಬಿಗಿದಿರುವುದರಿಂದ ಚಕ್ರ ಅದರ ಕಡೆಗೆ ಏರಿಬರುತ್ತದೆ. ಎಕ್ಸ್‌ಪಲ್ಸ್ 200ರಲ್ಲಿ ಈ ಏರಿಕೆ 190 ಮಿ.ಮೀ., ಹಿಮಾಲಯನ್ 411ರಲ್ಲಿ 200 ಮಿ.ಮೀ. ವರೆಗೆ ಇರುತ್ತದೆ. ನಿಂತ ಬೈಕಿನಲ್ಲಿ ಅಂಗೈ ಅಗಲ ಜಾಗ ಕಂಡು ಸಮಾಧಾನಪಟ್ಟು, ಎತ್ತರದ ಮಡ್‌ಗಾರ್ಡಿನ ಒಳಗಿನ ಬೆಂಬಲದ ಪಟ್ಟಿಗಳನ್ನು ಕತ್ತರಿಸಿದರೆ, ಅದು ಬಾಗಿ ಕೆಳಗೆ ಜೋಲುತ್ತದೆ ಮತ್ತು ಫೋರ್ಕ್ ಪೂರ್ತಿ ಕುಸಿದಾಗ ಟಯರ್ ಅದನ್ನು ಕಚ್ಚಿಕೊಳ್ಳಬಹುದು. ಮುಂದಿನ ಚಕ್ರ ಓಡುತ್ತಿರುವಾಗಲೇ ಹಿಡಿದುಕೊಂಡರೆ ಸವಾರನಿಗೆ ಚೇತರಿಸಿಕೊಳ್ಳಲು ಸಮಯವೇ ಇರುವುದಿಲ್ಲ.

ಎಲ್ಲಿ ಕತ್ತರಿಸಬೇಕು, ಎಷ್ಟು ಕತ್ತರಿಸಬೇಕು?

ಜೇಡಿಮಣ್ಣು ಮೊದಲು ಕಟ್ಟಿಕೊಳ್ಳುವುದು ಟಯರಿನ ಎರಡು ಭುಜಗಳಿಗೂ ಮಡ್‌ಗಾರ್ಡಿನ ಪಕ್ಕದ ಗೋಡೆಗಳಿಗೂ ನಡುವೆ. ಮಣ್ಣಾದ ಬೈಕನ್ನು ತೊಳೆಯುವ ಮೊದಲೇ ಬಗ್ಗಿ ನೋಡಿದರೆ ಇದು ಸ್ಪಷ್ಟವಾಗಿ ಕಾಣುತ್ತದೆ. ಗುಬ್ಬಿಗಳು ಉಜ್ಜಿದ ಕಡೆ ಮಣ್ಣು ಗಾರೆ ತಿಕ್ಕಿದಂತೆ ನುಣ್ಣಗೆ ಹೊಳೆಯುತ್ತಿರುತ್ತದೆ, ಅದರ ನಡುವೆ ಸಿಕ್ಕಿಕೊಂಡ ಸಣ್ಣ ಕಲ್ಲು ಪ್ಲಾಸ್ಟಿಕ್ಕಿನ ಮೇಲೆ ಉದ್ದನೆಯ ಗೀರು ಎಳೆದಿರುತ್ತದೆ. ಆ ಹೊಳಪಿನ ಜಾಗಗಳೇ ನೀವು ಗುರುತು ಹಾಕಬೇಕಾದ ಜಾಗಗಳು. ಆದ್ದರಿಂದ ಪಕ್ಕದ ಗೋಡೆಗಳನ್ನು ತಗ್ಗಿಸಿ, ಉದ್ದವನ್ನು ಆದಷ್ಟು ಹಾಗೆಯೇ ಉಳಿಸಿಕೊಳ್ಳಬೇಕೆಂಬುದು ನನ್ನ ಖಚಿತವಾದ ಅಭಿಪ್ರಾಯ.

ಉದ್ದ ಕಡಿಮೆ ಮಾಡಿದರೆ ಎರಡೂ ತುದಿಯಲ್ಲಿ ನಷ್ಟವಿದೆ. ಹಿಂದಿನ ತುದಿ ಮೊಟಕಾದರೆ ಚಕ್ರ ಎರಚುವ ಕೆಸರು ನೇರವಾಗಿ ಎಂಜಿನ್ನಿನ ಮುಂಭಾಗಕ್ಕೂ ಆಯಿಲ್ ಕೂಲರ್ ಅಥವಾ ರೇಡಿಯೇಟರಿಗೂ ಬಡಿದು, ಒಣಗಿ ಪದರುಗಟ್ಟಿ, ಗಾಳಿ ಆಡದಂತೆ ಮಾಡುತ್ತದೆ. ಮುಂದಿನ ತುದಿ ಮೊಟಕಾದರೆ ಟಯರಿನಿಂದ ಬಿಡಿಸಿಕೊಂಡ ನೀರು ಮುಂದಕ್ಕೆ, ಮೇಲಕ್ಕೆ ಚಿಮ್ಮುತ್ತದೆ, ಅದರೊಳಗೆ ಬೈಕ್ ನುಗ್ಗುವುದರಿಂದ ಅದೆಲ್ಲ ಹೆಲ್ಮೆಟ್ಟಿನ ಗಾಜಿಗೆ ಬಂದು ಬೀಳುತ್ತದೆ.

ಅಂತರದ ವಿಷಯದಲ್ಲಿ, ಡಾಂಬರು ರಸ್ತೆಗೆ ಟಯರಿನ ಸುತ್ತ 15ರಿಂದ 20 ಮಿ.ಮೀ. ಸಾಕಾಗುತ್ತದೆ. ಅಂಟು ಮಣ್ಣಿಗೆ 25ರಿಂದ 30 ಮಿ.ಮೀ. ಇದ್ದರೆ ಅನುಕೂಲ. ಒಂದೇ ಸಲಕ್ಕೆ ಅಷ್ಟನ್ನೂ ಕತ್ತರಿಸದೆ, ಮೊದಲು ಬೇಕೆನಿಸಿದ್ದರಲ್ಲಿ ಅರ್ಧದಷ್ಟು ತೆಗೆದು, ಬೈಕಿಗೆ ಜೋಡಿಸಿ ನೋಡಿ, ಬೇಕಾದರೆ ಮತ್ತೆ ತೆಗೆಯಿರಿ.

ಯಾವ ಭಾಗಗಳನ್ನು ಮುಟ್ಟಲೇಬಾರದು?

ಬೋಲ್ಟಿನ ತೂತುಗಳ ಸುತ್ತ ಕನಿಷ್ಠ 20 ಮಿ.ಮೀ. ಪ್ಲಾಸ್ಟಿಕ್ ಉಳಿಯಬೇಕು. ಬ್ರೇಕಿನ ಹೋಸ್ ಮತ್ತು ಚಕ್ರದ ವೇಗ ಅಳೆಯುವ ಸೆನ್ಸರಿನ ವೈರನ್ನು ಹಿಡಿದಿಡುವ ಕ್ಲಿಪ್ಪುಗಳು ಹಲವು ಬೈಕುಗಳಲ್ಲಿ ಮಡ್‌ಗಾರ್ಡಿಗೇ ಇರುತ್ತವೆ. ಆ ಕ್ಲಿಪ್ ಹೋದರೆ ಹೋಸ್ ಸಡಿಲವಾಗಿ ಟಯರಿಗೆ ಉಜ್ಜತೊಡಗುತ್ತದೆ. ಕೆಲವು ಬೈಕುಗಳಲ್ಲಿ ಮಡ್‌ಗಾರ್ಡಿನ ಒಳಗೆ ಎರಡು ಫೋರ್ಕ್ ಕಾಲುಗಳನ್ನು ಜೋಡಿಸುವ ಕಬ್ಬಿಣದ ಬ್ರೇಸ್ ಇರುತ್ತದೆ. ಅದು ಫೋರ್ಕ್ ತಿರುಚಿಕೊಳ್ಳದಂತೆ ತಡೆಯುವ ಭಾಗವಾದ್ದರಿಂದ ಅದನ್ನು ಕತ್ತರಿಸುವ ಮಾತೇ ಇಲ್ಲ.

ಇನ್ನೊಂದು ಭಾಗವನ್ನು ಹೆಚ್ಚಿನವರು ಗಮನಿಸುವುದೇ ಇಲ್ಲ. ಮಡ್‌ಗಾರ್ಡಿನ ಅಂಚಿನುದ್ದಕ್ಕೂ ಒಳಕ್ಕೆ ಅಥವಾ ಹೊರಕ್ಕೆ ಮಡಿಚಿದಂತಿರುವ ಒಂದು ಸಣ್ಣ ತುಟಿ ಇರುತ್ತದೆ. ಎರಡು ಮೂರು ಮಿ.ಮೀ. ದಪ್ಪದ ಪ್ಲಾಸ್ಟಿಕ್ ಹಾಳೆಗೆ ಬಿಗುವು ಕೊಡುವುದೇ ಆ ತುಟಿ. ಅದನ್ನು ಉದ್ದಕ್ಕೂ ಕತ್ತರಿಸಿ ತೆಗೆದರೆ ಮಡ್‌ಗಾರ್ಡ್ ವೇಗದಲ್ಲಿ ಪಟಪಟನೆ ಅಲುಗಾಡುತ್ತದೆ, ಆ ಅಲುಗಾಟವೆಲ್ಲ ಬೋಲ್ಟಿನ ತೂತುಗಳ ಮೇಲೆ ಬೀಳುತ್ತದೆ, ಕೊನೆಗೆ ಅಲ್ಲೇ ಸೀಳುತ್ತದೆ. ಬೇಕಾದ ಒಂದೆರಡು ಕಡೆ ಮಾತ್ರ ತುಟಿಯನ್ನು ತೆಗೆದು ಉಳಿದ ಕಡೆ ಹಾಗೇ ಬಿಡಬೇಕು.

ಕಾನೂನು ಏನು ಹೇಳುತ್ತದೆ?

ಮೋಟಾರು ವಾಹನ ಕಾಯ್ದೆ, 1988ರ 52ನೇ ಕಲಂ ಪ್ರಕಾರ, ನೋಂದಣಿ ಪ್ರಮಾಣಪತ್ರದಲ್ಲಿರುವ ವಿವರಗಳು ತಯಾರಕರು ಮೂಲತಃ ಸೂಚಿಸಿದ ವಿವರಗಳಿಗಿಂತ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಈ ಕಲಮನ್ನು ಕಟ್ಟುನಿಟ್ಟಾಗಿಯೇ ಅರ್ಥೈಸಿತು. ಅದೇ ವರ್ಷದ ತಿದ್ದುಪಡಿಯಿಂದ ಸೇರಿದ 182ಎ ಕಲಂ ಅನುಮತಿಯಿಲ್ಲದ ಪ್ರತಿಯೊಂದು ಮಾರ್ಪಾಡಿಗೂ ಮಾಲೀಕನಿಗೆ 5,000 ರೂಪಾಯಿ ದಂಡ, ಆರು ತಿಂಗಳವರೆಗಿನ ಜೈಲು, ಅಥವಾ ಎರಡನ್ನೂ ವಿಧಿಸಲು ಅವಕಾಶ ಕೊಡುತ್ತದೆ.

ಹಿಂದಿನ ಚಕ್ರದ ವಿಷಯದಲ್ಲಿ ನಿಯಮ ಇನ್ನೂ ನೇರವಾಗಿದೆ. ಕೇಂದ್ರ ಮೋಟಾರು ವಾಹನ ನಿಯಮಗಳು, 1989ರ 123ನೇ ನಿಯಮವು, ಹಿಂಬದಿ ಸವಾರರ ಬಟ್ಟೆ ಚಕ್ರಕ್ಕೆ ಸಿಕ್ಕಿಕೊಳ್ಳದಂತೆ ಹಿಂದಿನ ಚಕ್ರದ ಅರ್ಧಕ್ಕೆ ಕಡಿಮೆಯಿಲ್ಲದ ಭಾಗವನ್ನು ಮುಚ್ಚುವ ರಕ್ಷಣೆ ಇರಬೇಕೆಂದು ಹೇಳುತ್ತದೆ. ಸೀರೆಯ ಸೆರಗು, ದುಪಟ್ಟಾ ಚಕ್ರಕ್ಕೆ ಸುತ್ತಿಕೊಂಡು ಆಗುವ ಅಪಘಾತಗಳು ಎಷ್ಟು ಭೀಕರವೆಂದು ತಿಳಿದವರು ಸೀರೆ ಗಾರ್ಡಿನ ಮೇಲೆ ಗರಗಸ ಇಡಲಾರರು. ಹಿಂದಿನ ಮಡ್‌ಗಾರ್ಡಿನಲ್ಲೇ ಕೆಂಪು ರಿಫ್ಲೆಕ್ಟರ್, ನಂಬರ್ ಪ್ಲೇಟ್ ಮತ್ತು ಅದರ ದೀಪವೂ ಇರುತ್ತವೆ. 200 × 100 ಮಿ.ಮೀ. ಅಳತೆಯ ಹಿಂದಿನ ಎಚ್‌ಎಸ್‌ಆರ್‌ಪಿ (ಅತಿ ಸುರಕ್ಷಿತ ನೋಂದಣಿ) ಪ್ಲೇಟನ್ನು ಒಮ್ಮೆ ಹಾಕಿದರೆ ಬಿಚ್ಚಲು ಬಾರದ ಸ್ನ್ಯಾಪ್ ಲಾಕ್‌ಗಳಿಂದ ಕೂಡಿಸಿರುತ್ತಾರೆ. ಲಾಕ್ ಮುರಿಯದೆ ಪ್ಲೇಟ್ ಬಿಚ್ಚಿ ಬರುವುದಿಲ್ಲ.

ಹೀಗಾಗಿ ಈ ಬರಹದ ಉಳಿದ ಉತ್ತರಗಳು ಮುಂದಿನ ಮಡ್‌ಗಾರ್ಡನ್ನು ಕುರಿತವು. ಅಲ್ಲಿಯೂ ಬೈಕಿನ ಜೊತೆ ಬಂದ ಮೂಲ ಮಡ್‌ಗಾರ್ಡನ್ನು ಬಿಚ್ಚಿ ಅಟ್ಟದ ಮೇಲೆ ಇಟ್ಟು, ಬೆಂಗಳೂರಿನ ಜೆ.ಸಿ. ರಸ್ತೆಯಂಥ ಕಡೆ ಅಥವಾ ನಿಮ್ಮೂರಿನ ಸ್ಪೇರ್ ಪಾರ್ಟ್ಸ್ ಅಂಗಡಿಯಲ್ಲಿ ಇನ್ನೊಂದನ್ನು ಕೊಂಡು ಅದನ್ನು ಕತ್ತರಿಸುವುದು ಜಾಣತನ. ಬೈಕ್ ಮಾರುವಾಗ, ವಾರಂಟಿಯ ಪ್ರಶ್ನೆ ಬಂದಾಗ, 15 ವರ್ಷ ತುಂಬಿ ಮರುನೋಂದಣಿಗೆ ಆರ್‌ಟಿಒ ಕಚೇರಿಯಲ್ಲಿ ತೋರಿಸಬೇಕಾದಾಗ ಮೂಲ ಭಾಗವೇ ಬೇಕಾಗುತ್ತದೆ.

ನನ್ನ ಮಡ್‌ಗಾರ್ಡ್ ಯಾವ ಪ್ಲಾಸ್ಟಿಕ್‌ನದೆಂದು ತಿಳಿಯುವುದು ಹೇಗೆ?

ಬಿಚ್ಚಿ ತೊಳೆದು ಒಳಮೈ ನೋಡಿ. ಎರಡು ಕೋನಚಿಹ್ನೆಗಳ ನಡುವೆ ಪಿಪಿ ಅಥವಾ ಎಬಿಎಸ್ ಎಂಬ ಇಂಗ್ಲಿಷ್ ಅಕ್ಷರಗಳು ಅಚ್ಚಾಗಿರುತ್ತವೆ. ಇಲ್ಲಿ ಎಬಿಎಸ್ ಎಂಬುದು ಒಂದು ಬಗೆಯ ಪ್ಲಾಸ್ಟಿಕ್ಕಿನ ಹೆಸರು, ಬ್ರೇಕಿನ ಎಬಿಎಸ್ ಅಲ್ಲ. ಪಿಪಿ ಎಂದರೆ ಪಾಲಿಪ್ರೊಪಿಲೀನ್. ಮುಂದೆ ಟಿಡಿ20 ಎಂದಿದ್ದರೆ ಅದರಲ್ಲಿ ಶೇಕಡಾ 20ರಷ್ಟು ಟಾಲ್ಕ್ ಪುಡಿ ಬೆರೆಸಿದ್ದಾರೆಂದು, ಜಿಎಫ್ ಎಂದಿದ್ದರೆ ಗಾಜಿನ ನಾರು ಬೆರೆಸಿದ್ದಾರೆಂದು ಅರ್ಥ. ಗುರುತು ಸಿಗದಿದ್ದರೆ ಕತ್ತರಿಸಿದ ಮೊದಲ ತುಣುಕನ್ನು ನೀರಿನ ಬಟ್ಟಲಿಗೆ ಹಾಕಿ. ಏನೂ ಬೆರೆಸದ ಪಿಪಿ ನೀರಿಗಿಂತ ಹಗುರವಾದ್ದರಿಂದ ತೇಲುತ್ತದೆ, ಎಬಿಎಸ್ ಮುಳುಗುತ್ತದೆ. ಟಾಲ್ಕ್ ಹೆಚ್ಚಿರುವ ಪಿಪಿ ಕೂಡ ಮುಳುಗಬಹುದು. ಆಗ ತುಣುಕಿಗೆ ಒಂದು ಹನಿ ಅಸಿಟೋನ್ ಹಾಕಿ ನೋಡಿ. ಎಬಿಎಸ್ ಆದರೆ ಮೇಲ್ಮೈ ಕರಗಿ ಅಂಟಂಟಾಗುತ್ತದೆ, ಪಿಪಿಗೆ ಏನೂ ಆಗುವುದಿಲ್ಲ.

ಈ ಪರೀಕ್ಷೆಗೆ ಕಾರಣವಿದೆ. ಎಬಿಎಸ್ ಗಡುಸು, ಅರ ಹಾಕಿದರೆ ಚೆನ್ನಾಗಿ ಪುಡಿಯಾಗಿ ಉದುರುತ್ತದೆ, ಬಣ್ಣ ಹಿಡಿಯುತ್ತದೆ, ಅಂಟು ಹಿಡಿಯುತ್ತದೆ, ಆದರೆ ಬಾಗಿಸಿದರೆ ಒಡೆಯುತ್ತದೆ. ಪಿಪಿ ಮೆತ್ತಗಿದ್ದು ಬಾಗುತ್ತದೆ, ಸುಲಭಕ್ಕೆ ಒಡೆಯುವುದಿಲ್ಲ, ಆದರೆ ಬಣ್ಣವನ್ನೂ ಅಂಟನ್ನೂ ಹತ್ತಿರ ಬಿಟ್ಟುಕೊಳ್ಳುವುದಿಲ್ಲ. ಎಬಿಎಸ್ ಸುಮಾರು 105 ಡಿಗ್ರಿ ಸೆಲ್ಸಿಯಸ್ ಶಾಖಕ್ಕೆ ಮೆದುವಾಗತೊಡಗುತ್ತದೆ, ಪಿಪಿ 160 ಡಿಗ್ರಿಯ ಆಸುಪಾಸಿನಲ್ಲಿ ಕರಗುತ್ತದೆ. ಯಂತ್ರದ ಬ್ಲೇಡ್ ಉಜ್ಜುವ ಕಡೆ ಈ ಶಾಖ ಕೆಲವೇ ಸೆಕೆಂಡುಗಳಲ್ಲಿ ಹುಟ್ಟುತ್ತದೆ.

ಕೈ ಉಪಕರಣಗಳಲ್ಲಿ ಏನೇನು ಬೇಕು?

ಹ್ಯಾಕ್ಸಾ ಮತ್ತು ಅಂಗುಲಕ್ಕೆ 24 ಹಲ್ಲಿನ ಬ್ಲೇಡ್ ಮುಖ್ಯ. 32 ಹಲ್ಲಿನ ಬ್ಲೇಡಿನ ಸಂದುಗಳಲ್ಲಿ ಪ್ಲಾಸ್ಟಿಕ್ ತುಂಬಿಕೊಂಡು ಅದು ಕತ್ತರಿಸುವ ಬದಲು ಜಾರುತ್ತದೆ, 14 ಅಥವಾ 18 ಹಲ್ಲಿನದು ತೆಳು ಗೋಡೆಗೆ ಸಿಕ್ಕಿಕೊಂಡು ಜಗ್ಗುತ್ತದೆ. ಸೊಟ್ಟ ತಿರುವುಗಳಿಗೆ ಸಣ್ಣ ಬ್ಲೇಡಿನ ಕೋಪಿಂಗ್ ಗರಗಸ ಅನುಕೂಲ. ಅದಿಲ್ಲದಿದ್ದರೆ ಹ್ಯಾಕ್ಸಾ ಬ್ಲೇಡಿನ ತುದಿಗೆ ದಪ್ಪ ಬಟ್ಟೆ ಸುತ್ತಿ ಕೈಯಲ್ಲೇ ಹಿಡಿದು ಎಳೆಯಬಹುದು. ಇದಲ್ಲದೆ ಒಂದು ಚಪ್ಪಟೆ ಅರ, ಒಂದು ಅರ್ಧದುಂಡು ಅರ, ಗಟ್ಟಿ ಕಟ್ಟರ್ ಚಾಕು, ಮಾಸ್ಕಿಂಗ್ ಟೇಪ್, 120ರಿಂದ 400 ನಂಬರಿನವರೆಗಿನ ವಾಟರ್ ಪೇಪರ್ ಬೇಕು.

ತಗಡು ಕತ್ತರಿಯ ವಿಷಯದಲ್ಲಿ ಎಚ್ಚರಿಕೆ ಬೇಕು. ತೆಳುವಾದ ಪಿಪಿ ಅಂಚಿಗೆ ಅದು ಸರಿಹೋಗುತ್ತದೆ. ಎಬಿಎಸ್‌ಗೆ, ಅದರಲ್ಲೂ ವರ್ಷಗಟ್ಟಲೆ ಬಿಸಿಲಲ್ಲಿ ನಿಂತು ಪೆಡಸಾದ ಮಡ್‌ಗಾರ್ಡಿಗೆ ಕತ್ತರಿ ಹಾಕಿದರೆ ಗೆರೆ ಬಿಟ್ಟು ಅಡ್ಡಾದಿಡ್ಡಿ ಒಡಕು ಓಡುತ್ತದೆ. ಹಳೆಯ ಮಡ್‌ಗಾರ್ಡ್ ಆಗಿದ್ದರೆ, ಹೇಗೂ ತೆಗೆದುಹಾಕುವ ಭಾಗದ ಮೂಲೆಯನ್ನು ಮೊದಲು ಬಾಗಿಸಿ ನೋಡಿ. ಅದು ಪಟ್ಟನೆ ಮುರಿದರೆ ಆ ಮಡ್‌ಗಾರ್ಡಿನ ಮೇಲೆ ಶ್ರಮ ಹಾಕುವುದೇ ವ್ಯರ್ಥ.

ಯಂತ್ರದಲ್ಲಿ ಕತ್ತರಿಸಿದರೆ ಬೇಗ ಆಗುವುದಿಲ್ಲವೇ? ಯಾವ ಯಂತ್ರ ಒಳ್ಳೆಯದು?

ಬೇಗ ಆಗುತ್ತದೆ, ಕೆಡುವುದೂ ಅಷ್ಟೇ ಬೇಗ. ಯಂತ್ರವನ್ನು ಹೆಚ್ಚಿನ ಪ್ಲಾಸ್ಟಿಕ್ ತೆಗೆಯಲು ಮಾತ್ರ ಬಳಸಿ, ಗೆರೆಯ ಹೊರಗೆ ಎರಡು ಮಿ.ಮೀ. ಉಳಿಸಿ, ಆ ಎರಡು ಮಿ.ಮೀ. ಅನ್ನು ಅರದಿಂದ ಕೈಯಲ್ಲೇ ಇಳಿಸಬೇಕೆಂಬುದು ನಾನು ಒತ್ತಿ ಹೇಳುವ ಮಾತು. ಮಡ್‌ಗಾರ್ಡಿನ ಆಯುಷ್ಯ ನಿಂತಿರುವುದು ಆ ಕೊನೆಯ ಎರಡು ಮಿ.ಮೀ. ಮೇಲೆ.

ಮನೆಯಲ್ಲಿ ಸಿಗುವ ಯಂತ್ರಗಳಲ್ಲಿ, ಸಣ್ಣ ಬ್ಲೇಡ್ ಮೇಲೆ ಕೆಳಗೆ ಆಡುವ ಜಿಗ್ ಸಾ ನನಗೆ ಹೆಚ್ಚು ನಂಬಿಕೆಯದು. ವೇಗವನ್ನು ಕೆಳಗಿನ ಒಂದೆರಡು ಮೆಟ್ಟಿಲಲ್ಲಿ ಇಟ್ಟು, ಸಣ್ಣ ಹಲ್ಲಿನ ಬ್ಲೇಡ್ ಹಾಕಿ, ಬ್ಲೇಡನ್ನು ಮುಂದಕ್ಕೂ ಹಿಂದಕ್ಕೂ ತೂಗುವ ಆರ್ಬಿಟಲ್ ಗುಂಡಿಯನ್ನು ಸೊನ್ನೆಯಲ್ಲಿ ಇಡಬೇಕು. ಆದರೆ ಜಿಗ್ ಸಾದ ಅಡಿ ತಟ್ಟೆ ಚಪ್ಪಟೆ, ಮಡ್‌ಗಾರ್ಡ್ ದುಂಡು. ತಟ್ಟೆ ಕೂರದ ಕಡೆ ಯಂತ್ರ ಕುಣಿಯುತ್ತದೆ, ಅಂಥ ಕಡೆ ಹ್ಯಾಕ್ಸಾಗೆ ಮರಳಿ. ಬೆರಳುಗಾತ್ರದ ತುದಿ ತಿರುಗುವ ರೋಟರಿ ಟೂಲ್ ಇಕ್ಕಟ್ಟಿನ ಜಾಗಕ್ಕೆ ಒಳ್ಳೆಯದು. ಅದರಲ್ಲಿ ಕಲ್ಲಿನ ಕಟಿಂಗ್ ವ್ಹೀಲ್ ಬದಲು ಹಲ್ಲಿರುವ ಸಣ್ಣ ಗರಗಸದ ತಟ್ಟೆ ಅಥವಾ ಸುರುಳಿ ಬಿಟ್ ಹಾಕಿ, ನಿಮಿಷಕ್ಕೆ 10,000ದಿಂದ 15,000 ಸುತ್ತಿನ ಒಳಗೆ ಓಡಿಸಿ. ಗರಗಸದ ತಟ್ಟೆ ಕೈಯನ್ನು ಎಳೆದುಕೊಂಡು ಹೋಗುವ ಸ್ವಭಾವದ್ದಾದ್ದರಿಂದ ಎರಡೂ ಕೈಯಲ್ಲಿ ಹಿಡಿಯುವುದು ಅಗತ್ಯ.

ಆಂಗಲ್ ಗ್ರೈಂಡರಿನಲ್ಲಿ ಕತ್ತರಿಸಿದರೆ ಪ್ಲಾಸ್ಟಿಕ್ ಕರಗಿ ಮತ್ತೆ ಅಂಟಿಕೊಳ್ಳುತ್ತದೆ, ಏಕೆ?

ನಾಲ್ಕಂಗುಲದ ಗ್ರೈಂಡರ್ ನಿಮಿಷಕ್ಕೆ ಸುಮಾರು 11,000 ಸುತ್ತು ತಿರುಗುತ್ತದೆ. 100 ಮಿ.ಮೀ. ವ್ಯಾಸದ ತಟ್ಟೆಯ ಅಂಚು ಆ ಲೆಕ್ಕದಲ್ಲಿ ಸೆಕೆಂಡಿಗೆ 57 ಮೀಟರಿಗೂ ಹೆಚ್ಚು ವೇಗದಲ್ಲಿ ಉಜ್ಜುತ್ತದೆ. ಕಬ್ಬಿಣವಾದರೆ ಹುಟ್ಟಿದ ಶಾಖ ಲೋಹದ ಮೈಯಲ್ಲೆಲ್ಲ ಹರಡಿಹೋಗುತ್ತದೆ. ಪ್ಲಾಸ್ಟಿಕ್ಕಿನಲ್ಲಿ ಶಾಖ ಹರಿಯುವುದು ಬಹಳ ನಿಧಾನ, ಆದ್ದರಿಂದ ಅದೆಲ್ಲ ಕತ್ತರಿಸಿದ ಗೆರೆಯಲ್ಲೇ ನಿಂತು ಪಿಪಿಯನ್ನು ಕರಗಿಸುತ್ತದೆ. ತಟ್ಟೆ ಮುಂದೆ ಹೋದ ಮೇಲೆ ಹಿಂದೆ ನೋಡಿದರೆ, ಕರಗಿದ ಪ್ಲಾಸ್ಟಿಕ್ ಬೂದುಬಣ್ಣದ ಮಣಿಮಣಿಯಾಗಿ ಸೀಳಿನ ಎರಡೂ ದಡವನ್ನು ಮತ್ತೆ ಹೊಲಿದಂತೆ ಕೂಡಿಸಿಬಿಟ್ಟಿರುತ್ತದೆ. ಈ ಮಣಿಗಳ ಬುಡದಲ್ಲಿ ಸಣ್ಣ ಸಣ್ಣ ತಗ್ಗುಗಳು ಉಳಿಯುತ್ತವೆ, ಮುಂದೆ ಒಡಕು ಶುರುವಾಗುವುದು ಅಲ್ಲಿಂದಲೇ. ಗ್ರೈಂಡರ್ ಬಿಟ್ಟು ಬೇರೇನೂ ಇಲ್ಲದಿದ್ದರೆ ಹ್ಯಾಕ್ಸಾ ಬ್ಲೇಡ್ ಕೊಂಡುಬನ್ನಿ. ಅದು ಹಾರ್ಡ್‌ವೇರ್ ಅಂಗಡಿಯ ಅಗ್ಗದ ಸಾಮಾನುಗಳಲ್ಲಿ ಒಂದು.

ಎರಡೂ ಪಕ್ಕ ಒಂದೇ ಸಮ ಬರುವಂತೆ ಗುರುತು ಹಾಕುವುದು ಹೇಗೆ?

ಮಡ್‌ಗಾರ್ಡನ್ನು ಬೈಕಿನಲ್ಲಿ ಇಟ್ಟುಕೊಂಡೇ ಗುರುತು ಹಾಕಲು ಹೋದರೆ ಕಣ್ಣು ಮೋಸ ಮಾಡುತ್ತದೆ. ಬಿಚ್ಚಿ, ಸೋಪುನೀರಲ್ಲಿ ತೊಳೆದು, ಒಣಗಿಸಿ, ಕತ್ತರಿಸುವ ಭಾಗದ ಎರಡೂ ಮೈಗೆ ಅಗಲವಾದ ಮಾಸ್ಕಿಂಗ್ ಟೇಪ್ ಹಚ್ಚಿ. ಹಳೆಯ ಕ್ಯಾಲೆಂಡರಿನ ದಪ್ಪ ಹಾಳೆಯನ್ನು ಒಂದು ಪಕ್ಕಕ್ಕೆ ಒತ್ತಿ ಹಿಡಿದು, ಬೋಲ್ಟಿನ ತೂತುಗಳನ್ನು ಅದರ ಮೇಲೆ ಪೆನ್ಸಿಲ್ಲಿನಿಂದ ಮೂಡಿಸಿಕೊಂಡು, ಬೇಕಾದ ಗೆರೆಯನ್ನು ಬರೆದು ಕತ್ತರಿಸಿ. ಅದೇ ಹಾಳೆಯನ್ನು ಮಗುಚಿ ಇನ್ನೊಂದು ಪಕ್ಕಕ್ಕೆ ಇಟ್ಟು, ತೂತಿಗೆ ತೂತು ಕೂಡಿಸಿದರೆ ಎರಡು ಪಕ್ಕವೂ ಒಂದೇ ಆಗುತ್ತದೆ. ಬೋಲ್ಟಿನ ತೂತುಗಳು ಕಾರ್ಖಾನೆಯ ಅಚ್ಚಿನಲ್ಲೇ ಮೂಡಿರುವುದರಿಂದ ಅವುಗಳಷ್ಟು ನಂಬಬಹುದಾದ ಆಧಾರ ಬೇರೊಂದಿಲ್ಲ.

ಗೆರೆಯಲ್ಲಿ ಚೂಪಾದ ಒಳಮೂಲೆ ಎಲ್ಲಿಯೂ ಇರಬಾರದು. ಎರಡು ಗೆರೆ ಸೇರುವ ಒಳಮೂಲೆಯಲ್ಲಿ ಮೊದಲೇ 8 ಅಥವಾ 10 ಮಿ.ಮೀ. ತೂತು ಕೊರೆದು, ಗರಗಸವನ್ನು ಆ ತೂತಿನವರೆಗೆ ತಂದು ನಿಲ್ಲಿಸಬೇಕು. ಚೂಪು ಮೂಲೆಯಲ್ಲಿ ಎಳೆತವೆಲ್ಲ ಒಂದೇ ಬಿಂದುವಿಗೆ ಬಂದು ಸೇರುತ್ತದೆ, ದುಂಡು ಮೂಲೆಯಲ್ಲಿ ಹಂಚಿಹೋಗುತ್ತದೆ. ಕೊರೆಯುವಾಗ ಕೆಳಗೆ ಮರದ ತುಂಡು ಕೊಡಿ. ಮೆಟ್ಟಿಲು ಮೆಟ್ಟಿಲಾಗಿರುವ ಸ್ಟೆಪ್ ಡ್ರಿಲ್ ಬಿಟ್ ಇದ್ದರೆ ತೆಳು ಪ್ಲಾಸ್ಟಿಕ್ಕಿನಲ್ಲಿ ತೂತು ದುಂಡಗೆ ಬರುತ್ತದೆ.

ದುಂಡಗಿರುವ ಈ ವಸ್ತುವನ್ನು ಅಲುಗದಂತೆ ಹಿಡಿಯುವುದು ಹೇಗೆ?

ಗೋಣಿಚೀಲಕ್ಕೆ ಅರ್ಧದಷ್ಟು ಮರಳು ತುಂಬಿ ಬಾಯಿ ಕಟ್ಟಿ, ಮಡ್‌ಗಾರ್ಡನ್ನು ಅದರ ಮೇಲೆ ಒತ್ತಿ ಕೂರಿಸಿ. ಮರಳು ಅದರ ಆಕಾರಕ್ಕೆ ತಕ್ಕಂತೆ ಜರುಗಿ ಎಲ್ಲ ಕಡೆಯಿಂದ ಆಸರೆ ಕೊಡುತ್ತದೆ. ಬಣ್ಣವಿದ್ದರೆ ನಡುವೆ ಹಳೆಯ ಟವೆಲ್ ಹಾಸಬೇಕು. ವಸ್ತುವನ್ನು ದವಡೆಗಳ ನಡುವೆ ಬಿಗಿದು ಹಿಡಿಯುವ ವೈಸ್ ಇದ್ದರೆ ಎರಡು ಕಡೆ ಮರದ ಪಟ್ಟಿ ಕೊಟ್ಟು, ಕತ್ತರಿಸುವ ಗೆರೆಗೆ ಆದಷ್ಟು ಹತ್ತಿರ ಹಿಡಿಸಿ. ಗೆರೆಯಿಂದ ದೂರ ಹಿಡಿಸಿದಷ್ಟೂ ಅಂಚು ನಡುಗುತ್ತದೆ. ತೊಡೆಯ ಮೇಲೆ ಇಟ್ಟುಕೊಂಡು ಕತ್ತರಿಸುವ ಅಭ್ಯಾಸ ಬೇಡವೇ ಬೇಡ.

ಬಣ್ಣ ಹೊಡೆದ ಮಡ್‌ಗಾರ್ಡಿನಲ್ಲಿ ಬಣ್ಣ ಚಕ್ಕೆ ಏಳದಂತೆ ಏನು ಮಾಡಬೇಕು?

ಬ್ಲೇಡಿನ ಹಲ್ಲು ಯಾವ ಮೈಯಿಂದ ಒಳಗೆ ಹೋಗುತ್ತದೋ ಆ ಮೈ ಚೆನ್ನಾಗಿರುತ್ತದೆ, ಎಲ್ಲಿಂದ ಹೊರಬರುತ್ತದೋ ಅಲ್ಲಿ ಚಕ್ಕೆ ಏಳುತ್ತದೆ. ಹ್ಯಾಕ್ಸಾ ಕತ್ತರಿಸುವುದು ಮುಂದಕ್ಕೆ ತಳ್ಳುವಾಗ, ಆದ್ದರಿಂದ ಬಣ್ಣದ ಮೈ ನಿಮ್ಮ ಕಡೆ ಇರಬೇಕು. ಸಾಮಾನ್ಯ ಜಿಗ್ ಸಾ ಬ್ಲೇಡಿನ ಹಲ್ಲುಗಳು ಮೇಲ್ಮುಖವಾಗಿರುವುದರಿಂದ ಮಡ್‌ಗಾರ್ಡನ್ನು ಮಗುಚಿ ಒಳಮೈಯಿಂದ ಕತ್ತರಿಸಬೇಕು. ಅರ ಹಾಕುವಾಗಲೂ ಬಣ್ಣದ ಕಡೆಯಿಂದ ಒಳಮೈ ಕಡೆಗೆ ಮಾತ್ರ ತಳ್ಳಿ, ಹಿಂದಕ್ಕೆ ತರುವಾಗ ಎತ್ತಿಬಿಡಿ. ಟೇಪನ್ನು ಕೊನೆಯಲ್ಲಿ, ಅಂಚಿನ ಕಡೆಗೆ ಎಳೆದು ಬಿಡಿಸಿ.

ಕತ್ತರಿಸಿದ ಅಂಚನ್ನು ಹೇಗೆ ಮುಗಿಸಬೇಕು?

ಇಲ್ಲಿ ಅವಸರ ಸಲ್ಲದು. ಮೊದಲು ಅರದಿಂದ ಗೆರೆಯವರೆಗೆ ಇಳಿಸಿ. ಅರದ ಹಲ್ಲು ತುಂಬಿಕೊಂಡಾಗಲೆಲ್ಲ ತಂತಿ ಬ್ರಷ್ಷಿನಿಂದ ಉಜ್ಜಿ ಬಿಡಿಸಿಕೊಳ್ಳಿ. ಆಮೇಲೆ ಕಟ್ಟರ್ ಚಾಕುವಿನ ಅಲಗನ್ನು ಅಂಚಿಗೆ ನೆಟ್ಟಗೆ ನಿಲ್ಲಿಸಿ, ಕತ್ತರಿಸದೆ, ಹೆರೆಯುವಂತೆ ನಿಮ್ಮ ಕಡೆ ಎಳೆಯಿರಿ. ಕೈ ಹದಕ್ಕೆ ಬಂದಾಗ ಪಿಪಿಯಿಂದ ಕೂದಲೆಳೆಯಷ್ಟು ತೆಳುವಾದ ಸುರುಳಿಗಳು ಉದ್ದುದ್ದವಾಗಿ ಏಳುತ್ತವೆ, ಅರದ ಗೀರುಗಳೆಲ್ಲ ಅವುಗಳ ಜೊತೆ ಹೋಗಿಬಿಡುತ್ತವೆ. ಪುಡಿ ಉದುರುತ್ತಿದ್ದರೆ ಅಲಗು ಮೊಂಡಾಗಿದೆ ಅಥವಾ ಕೋನ ತಪ್ಪಿದೆ ಎಂದು ತಿಳಿಯಿರಿ. ಎರಡೂ ಬದಿಯ ಚೂಪು ಕೋನಗಳನ್ನು ಇದೇ ರೀತಿ ಹೆರೆದು ದುಂಡು ಮಾಡಿದ ಮೇಲೆ 120, 240, 400 ನಂಬರಿನ ವಾಟರ್ ಪೇಪರನ್ನು ಕ್ರಮವಾಗಿ, ನೀರು ಹಾಕಿಕೊಂಡು ತಿಕ್ಕಿ. ನೀರಿನಿಂದ ಶಾಖವೂ ಏಳುವುದಿಲ್ಲ, ಪುಡಿಯೂ ಹಾರುವುದಿಲ್ಲ.

ಉಗುರನ್ನು ಅಂಚಿನುದ್ದಕ್ಕೂ ಎಳೆದು ನೋಡಿ. ಎಲ್ಲಾದರೂ ಉಗುರು ಸಿಕ್ಕಿಕೊಂಡರೆ ಅಲ್ಲಿಂದ ಒಡಕು ಹುಟ್ಟಬಹುದು, ಅಷ್ಟು ಜಾಗವನ್ನು ಮತ್ತೆ ಹೆರೆಯಿರಿ. ಅಂಚಿಗೆ ರಬ್ಬರ್ ಬೀಡಿಂಗ್ ಹಾಕಬಹುದೇ ಎಂದು ಹಲವರು ಕೇಳುತ್ತಾರೆ. ಊರೊಳಗೆ ಓಡಾಡುವ ಬೈಕಿಗೆ ಅಡ್ಡಿಯಿಲ್ಲ. ಮಣ್ಣಿನ ರಸ್ತೆಯ ಬೈಕಿಗೆ ಬೇಡ, ಬೀಡಿಂಗಿನ ಸಂದಿನಲ್ಲಿ ಮರಳು ಸೇರಿ ಪ್ಲಾಸ್ಟಿಕ್ಕನ್ನು ಸವೆಸುತ್ತದೆ.

ಕಪ್ಪು ಮಡ್‌ಗಾರ್ಡಿನಲ್ಲಿ ಬಿಳಿಯ ಗುರುತುಗಳು ಎದ್ದಿವೆ, ಹೋಗಲಾಡಿಸಬಹುದೇ?

ಬಾಗಿಸಿದಾಗ ಅಥವಾ ಎಳೆದಾಗ ಪಿಪಿ ಹೀಗೆ ಬಿಳಿಚಿಕೊಳ್ಳುತ್ತದೆ. ಹೀಟ್ ಗನ್ನನ್ನು ಕಡಿಮೆ ಶಾಖದಲ್ಲಿಟ್ಟು, ಒಂದೇ ಕಡೆ ನಿಲ್ಲಿಸದೆ ಆಚೀಚೆ ಆಡಿಸುತ್ತ ಬಂದರೆ ಬಿಳುಪು ಬಹುಮಟ್ಟಿಗೆ ಮಾಯವಾಗುತ್ತದೆ. ಮೇಲ್ಮೈ ಹೊಳೆಯತೊಡಗಿದ ಕೂಡಲೇ ನಿಲ್ಲಿಸಿ. ಬಣ್ಣ ಹೊಡೆದದ್ದಕ್ಕೂ ಎಬಿಎಸ್‌ಗೂ ಈ ಉಪಾಯ ಬೇಡ.

ಅಂಚಿಗೆ ಬಣ್ಣ ಹೊಡೆಯಬೇಕೇ?

ಬಣ್ಣವಿಲ್ಲದ ಕಪ್ಪು ಪಿಪಿಗೆ ಬೇಡ. ಬಣ್ಣದ ಮಡ್‌ಗಾರ್ಡ್ ಆದರೆ 600 ನಂಬರಿನ ಪೇಪರ್ ತಿಕ್ಕಿ, ಒರೆಸಿ, ಪ್ಲಾಸ್ಟಿಕ್ ಪ್ರೈಮರ್ ಹೊಡೆದು ಆಮೇಲೆ ಬಣ್ಣ ಹೊಡೆಯಿರಿ. ಪ್ರೈಮರ್ ಇಲ್ಲದೆ ಪಿಪಿಗೆ ಹೊಡೆದ ಸ್ಪ್ರೇ ಬಣ್ಣ ಉಗುರಿಗೆ ಹಪ್ಪಳದ ಹಾಗೆ ಎದ್ದುಬರುತ್ತದೆ.

ಒಡಕು ಬಿಟ್ಟರೆ, ಅಥವಾ ಹೆಚ್ಚು ಕತ್ತರಿಸಿಬಿಟ್ಟರೆ ಸರಿಪಡಿಸಬಹುದೇ?

ಒಡಕು ಕಂಡ ಕೂಡಲೇ ಅದರ ತುದಿಯನ್ನು ಹುಡುಕಿ, ಸರಿಯಾಗಿ ಆ ತುದಿಯಲ್ಲಿ 3 ಮಿ.ಮೀ. ತೂತು ಕೊರೆಯಿರಿ. ಒಡಕು ಅಲ್ಲಿಗೇ ನಿಲ್ಲುತ್ತದೆ. ಎಬಿಎಸ್ ಆದರೆ ಕತ್ತರಿಸಿದ ತುಣುಕುಗಳನ್ನು ಗಾಜಿನ ಶೀಶೆಯಲ್ಲಿ ಅಸಿಟೋನಿನೊಂದಿಗೆ ನೆನೆಸಿಟ್ಟರೆ ದೋಸೆ ಹಿಟ್ಟಿನ ಹದದ ಅಂಟು ತಯಾರಾಗುತ್ತದೆ. ಅದನ್ನು ಒಳಮೈಗೆ ಹಚ್ಚಿ, ಮೇಲೆ ತೆಳು ತಂತಿ ಜಾಲರಿ ಕೂರಿಸಿ, ಮತ್ತೊಂದು ಪದರ ಹಚ್ಚಿ ಒಂದು ದಿನ ಒಣಗಲು ಬಿಡಬೇಕು. ಅಸಿಟೋನ್ ಬೇಗ ಹೊತ್ತಿಕೊಳ್ಳುವ ದ್ರವವಾದ್ದರಿಂದ ಒಲೆ, ಬೀಡಿ, ಗ್ರೈಂಡರಿನ ಕಿಡಿ ಯಾವುದೂ ಹತ್ತಿರ ಇರಬಾರದು. ಪಿಪಿಗೆ ಅಂಗಡಿಯ ಫೆವಿಕ್ವಿಕ್ ಆಗಲಿ ಎಪಾಕ್ಸಿ ಆಗಲಿ ನಿಲ್ಲುವುದಿಲ್ಲ. ಅದೇ ಮಡ್‌ಗಾರ್ಡಿನಿಂದ ಕತ್ತರಿಸಿದ ತೆಳು ಪಟ್ಟಿಯನ್ನು ಚಪ್ಪಟೆ ತುದಿಯ ಸೋಲ್ಡರಿಂಗ್ ಐರನ್ನಿನಿಂದ ಕರಗಿಸಿ ಬೆಸೆಯಬೇಕು. ಆದ್ದರಿಂದ ಕೆಲಸ ಮುಗಿಯುವವರೆಗೆ ಒಂದು ತುಣುಕನ್ನೂ ಎಸೆಯಬೇಡಿ. ಬೋಲ್ಟಿನ ತೂತಿನ ಬಳಿಯೇ ಸೀಳಿದ್ದರೆ ಬೆಸುಗೆಯನ್ನು ನಂಬದೆ ಹೊಸ ಮಡ್‌ಗಾರ್ಡ್ ಕೊಳ್ಳಿ.

ಮೈಮೇಲೆ ಏನು ರಕ್ಷಣೆ ಇರಬೇಕು?

ಕಣ್ಣಿಗೆ ಪಕ್ಕವೂ ಮುಚ್ಚುವ ಕನ್ನಡಕ, ಮೂಗಿಗೆ ಎನ್95 ಮಾಸ್ಕ್. ಗಾಜಿನ ನಾರು ಬೆರೆಸಿದ ಪ್ಲಾಸ್ಟಿಕ್ ಆದರೆ ಇವೆರಡನ್ನೂ ಬಿಡುವಂತೆಯೇ ಇಲ್ಲ. ಚಾಕು ಹಿಡಿಯುವಾಗ ಇನ್ನೊಂದು ಕೈಗೆ ಗ್ಲೌಸ್ ಬೇಕು, ಆದರೆ ಡ್ರಿಲ್ ಮತ್ತು ರೋಟರಿ ಟೂಲ್ ಹಿಡಿಯುವಾಗ ಬಟ್ಟೆಯ ಗ್ಲೌಸ್ ಹಾಕಬಾರದು, ತಿರುಗುವ ಬಿಟ್ ಅದನ್ನು ಸುತ್ತಿಕೊಂಡು ಬೆರಳನ್ನೂ ಎಳೆಯುತ್ತದೆ. ಲುಂಗಿ, ಸಡಿಲ ತೋಳಿನ ಅಂಗಿಗೂ ಇದೇ ಮಾತು. ಕೆಲಸ ಜಗುಲಿಯಲ್ಲೋ ಅಂಗಳದಲ್ಲೋ ಆಗಲಿ, ಏಕೆಂದರೆ ಬಿಸಿಯಾದ ಎಬಿಎಸ್‌ನಿಂದ ಏಳುವ ಆವಿಯಲ್ಲಿ ಸ್ಟೈರೀನ್ ಎಂಬ ಹಾನಿಕಾರಕ ರಾಸಾಯನಿಕ ಇರುತ್ತದೆ. ಒದ್ದೆ ನೆಲದಲ್ಲಿ ನಿಂತು ಯಂತ್ರದ ಪ್ಲಗ್ ಹಾಕಬೇಡಿ.

ಜೋಡಿಸಿದ ಮೇಲೆ ಏನನ್ನು ಪರೀಕ್ಷಿಸಬೇಕು?

ತೂತುಗಳಲ್ಲಿದ್ದ ರಬ್ಬರ್ ಮತ್ತು ಕಬ್ಬಿಣದ ಕಾಲರ್‌ಗಳು ಅದದೇ ಜಾಗಕ್ಕೆ ಹೋಗಬೇಕು. ಕಾಲರ್ ಇಲ್ಲದೆ ಬೋಲ್ಟ್ ಬಿಗಿದರೆ ಪ್ಲಾಸ್ಟಿಕ್ ನುಜ್ಜಾಗುತ್ತದೆ. ಮುಂದಿನ ಚಕ್ರವನ್ನು ಎತ್ತಿ ಕೈಯಲ್ಲಿ ತಿರುಗಿಸಿ, ಹ್ಯಾಂಡಲನ್ನು ಎರಡೂ ಕಡೆ ಪೂರ್ತಿ ಹೊರಳಿಸಿ, ಬ್ರೇಕ್ ಹೋಸಾಗಲಿ ವೈರಾಗಲಿ ಕತ್ತರಿಸಿದ ಅಂಚಿಗೆ ಎಲ್ಲಿಯೂ ತಾಗದಿರುವುದನ್ನು ನೋಡಿ. ಬೈಕನ್ನು ಇಳಿಸಿ, ಮುಂದಿನ ಬ್ರೇಕ್ ಹಿಡಿದು ಫೋರ್ಕನ್ನು ಹಲವು ಸಲ ಜೋರಾಗಿ ಅದುಮಿ ಸದ್ದು ಕೇಳಿ. ಮೊದಲ 50 ಕಿ.ಮೀ. ಓಡಿಸಿದ ಮೇಲೆ ಬೋಲ್ಟುಗಳನ್ನು ಇನ್ನೊಮ್ಮೆ ಬಿಗಿದು, ತೂತುಗಳ ಸುತ್ತ ಕೂದಲೆಳೆಯಂಥ ಗೆರೆ ಮೂಡಿದೆಯೇ ಎಂದು ಟಾರ್ಚ್ ಬಿಟ್ಟು ನೋಡಿ.

ಉಳಿದ ತುಣುಕು, ಪುಡಿಗಳನ್ನು ಏನು ಮಾಡಬೇಕು?

ರಿಪೇರಿಗೆ ಬೇಕಾಗುವ ಒಂದೆರಡು ಪಟ್ಟಿಗಳನ್ನು ಎತ್ತಿಟ್ಟುಕೊಂಡು ಉಳಿದ ದೊಡ್ಡ ತುಂಡುಗಳನ್ನು ಗುಜರಿಯವರಿಗೆ ಕೊಡಿ. ಪಿಪಿಯನ್ನು ಅವರು 5ನೇ ನಂಬರಿನ ಪ್ಲಾಸ್ಟಿಕ್ ಎಂದು ಬೇರೆ ಮಾಡಿಕೊಳ್ಳಬಲ್ಲರು. ಸಣ್ಣ ಪುಡಿಯನ್ನು ಗುಡಿಸಿ ಚೀಲಕ್ಕೆ ತುಂಬಿ ಒಣಕಸಕ್ಕೆ ಹಾಕಿ, ಅಂಗಳದಲ್ಲೇ ಬಿಟ್ಟರೆ ಮೊದಲ ಮಳೆಗೆ ಚರಂಡಿಯ ಮೂಲಕ ಗದ್ದೆಗೋ ಹಳ್ಳಕ್ಕೋ ಸೇರುತ್ತದೆ. ಮಲೆನಾಡಿನ ಹಲವು ಮನೆಗಳಲ್ಲಿ ಇಂಥ ತುಣುಕುಗಳನ್ನು ಬಚ್ಚಲ ಒಲೆಗೆ ಎಸೆಯುವ ರೂಢಿಯಿದೆ. ಎಬಿಎಸ್ ಉರಿದಾಗ ಕಪ್ಪು ಮಸಿಯ ಜೊತೆ ಹೈಡ್ರೋಜನ್ ಸಯನೈಡ್ ಎಂಬ ವಿಷಾನಿಲ ಕೂಡ ಏಳುತ್ತದೆ, ಸ್ನಾನಕ್ಕೆ ಹೋದವರೆಲ್ಲ ಅದನ್ನೇ ಉಸಿರಾಡಬೇಕಾಗುತ್ತದೆ. ದಯವಿಟ್ಟು ಒಂದು ಚೂರನ್ನೂ ಒಲೆಗೆ ಹಾಕಬೇಡಿ.